ವ್ಯಾಕ್ಯೂಮ್ ಕ್ಲೀನರ್ ಜೀರ್ಣೋದ್ಧಾರ

ಬಳಕೆ ತಪ್ಪಿ ಮೂಲೆ ಸೇರಿದ ಹಳೆಯ ವ್ಯಾಕ್ಯೂಮ್ ಕ್ಲೀನರ್‌ಗಳನ್ನು ಹುಡುಕಿ ತಂದು, ಬಿಚ್ಚಿ, ತೊಳೆದು, ಸವೆದ ಭಾಗ ಬದಲಿಸಿ, ಮತ್ತೆ ಕಸ ಹೀರುವಂತೆ ಮಾಡುವ ಹವ್ಯಾಸ. ಇದರ ಮುಖ್ಯ ನೆಲೆ ಅಮೆರಿಕ ಮತ್ತು ಬ್ರಿಟನ್. ಯುರೋಪಿನ ಇತರೆಡೆಯೂ ಹವ್ಯಾಸಿಗಳಿದ್ದಾರೆ. ಕೋಣೆ ತುಂಬ ಕಾರ್ಪೆಟ್ ಹಾಸುವ ಆ ದೇಶಗಳ ಮನೆಗಳಲ್ಲಿ ಈ ಯಂತ್ರ ತಲೆಮಾರುಗಳಿಂದ ದಿನಬಳಕೆಯ ವಸ್ತು. ಹಾಗಾಗಿ ಅಟ್ಟ, ಗ್ಯಾರೇಜು, ನೆಲಮಾಳಿಗೆಗಳಲ್ಲಿ ಹಳೆಯ ಯಂತ್ರಗಳು ಇಂದಿಗೂ ಸಿಗುತ್ತವೆ. ಗಡಿಯಾರ, ರೇಡಿಯೊ, ಕ್ಯಾಮೆರಾ ಕೂಡಿಡುವವರಿಗೆ ಸಿಗುವ ಗೌರವ ಇವರಿಗೆ ಸಿಕ್ಕಿಲ್ಲ. ಕಸದ ನಂಟು ಅದಕ್ಕೆ ಕಾರಣವಿರಬೇಕು. ಕೆಲಸದ ದೃಷ್ಟಿಯಿಂದ ನೋಡಿದರೆ ಇದು ಅವುಗಳಿಗಿಂತ ಹಗುರವಾದ ವಿದ್ಯೆಯೇನಲ್ಲ. ಮೋಟಾರು ಬಿಚ್ಚುವುದು, ತಂತಿ ಜೋಡಿಸುವುದು, ಲೋಹಕ್ಕೆ ಹೊಳಪು ಕೊಡುವುದು, ಬಟ್ಟೆಯ ಚೀಲ ಹೊಲಿಯುವುದು ಎಲ್ಲವೂ ಒಬ್ಬನ ಕೈಗೇ ಬರಬೇಕು.

ಈ ಹವ್ಯಾಸ ಸಾಧ್ಯವಾದದ್ದು ಹವ್ಯಾಸಿಗಳ ಪ್ರೀತಿಯೊಂದರಿಂದಲೇ ಅಲ್ಲ, ಯಂತ್ರ ಕಟ್ಟಿದವರ ವ್ಯಾಪಾರದ ಲೆಕ್ಕಾಚಾರದಿಂದಲೂ. 20ನೆಯ ಶತಮಾನದ ಮೊದಲ ಆರೇಳು ದಶಕಗಳಲ್ಲಿ ವ್ಯಾಕ್ಯೂಮ್ ಕ್ಲೀನರ್ ದುಬಾರಿ ವಸ್ತು. ಮಾರಾಟಗಾರ ಮನೆ ಬಾಗಿಲಿಗೆ ಬಂದು, ಹಾಸಿಗೆಯ ಮೇಲೆ ಓಡಿಸಿ ತೋರಿಸಿ, ಕಂತಿನಲ್ಲಿ ಮಾರುತ್ತಿದ್ದ. ಅದೇ ಬೀದಿಗೆ ಮತ್ತೆ ಬರಬೇಕಾದವನು ಬೆಲ್ಟ್ ಹರಿದರೆ ಬೆಲ್ಟ್, ಬ್ರಷ್ ಸವೆದರೆ ಬ್ರಷ್ ಒದಗಿಸಲೇಬೇಕಿತ್ತು. ಆದ್ದರಿಂದ ಆ ಕಾಲದ ಯಂತ್ರಗಳನ್ನು ಸ್ಕ್ರೂಡ್ರೈವರ್ ಹಿಡಿದವರು ಬಿಚ್ಚುವ ಹಾಗೆಯೇ ಕಟ್ಟಲಾಗಿದೆ. 90 ವರ್ಷದ ಹೂವರ್ ಕಂಪನಿಯ ಯಂತ್ರವೊಂದನ್ನು ಅಡಿಗೆಮನೆಯ ಮೇಜಿನ ಮೇಲಿಟ್ಟು ಬಿಚ್ಚಬಹುದು. 10 ವರ್ಷದ ಹಿಂದಿನ ಎಷ್ಟೋ ಯಂತ್ರಗಳ ಪ್ಲಾಸ್ಟಿಕ್ ಕವಚ ಒಡೆಯದೆ ಬಿಚ್ಚಿಕೊಳ್ಳುವುದೇ ಇಲ್ಲ.

ಯಾವ ಯಂತ್ರಗಳು

ಗಾಳಿಯ ಸೆಳೆತದಿಂದ ಕಸ ತೆಗೆಯುವ ಪ್ರಯತ್ನ ವಿದ್ಯುತ್ತಿಗಿಂತ ಹಳೆಯದು. ಅಮೆರಿಕದ ಅಯೋವಾದ ಡೇನಿಯಲ್ ಹೆಸ್ 1860ರಲ್ಲಿ ತಿದಿ ಬಳಸುವ ಯಂತ್ರಕ್ಕೆ ಪೇಟೆಂಟ್ ಪಡೆದ. 1869ರಲ್ಲಿ ಐವ್ಸ್ ಮೆಕ್‌ಗ್ಯಾಫಿ ಕೈಯಿಂದ ತಿರುಗಿಸುವ ‘ವರ್ಲ್‌ವಿಂಡ್’ ಮಾಡಿದ. ಇವೆಲ್ಲ ಈಗ ವಸ್ತುಸಂಗ್ರಹಾಲಯದ ಸಾಮಗ್ರಿ. ಸಾಮಾನ್ಯ ಹವ್ಯಾಸಿಯ ಕೈಗೆ ಬರುವಂಥವಲ್ಲ. ಲಂಡನ್ನಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ 1901ರಲ್ಲಿ ಪೇಟೆಂಟ್ ಪಡೆದ ಯಂತ್ರವೂ ಹಾಗೆಯೇ. ಧೂಳನ್ನು ಊದಿ ಹಾರಿಸುವ ಯಂತ್ರವೊಂದರ ಪ್ರದರ್ಶನ ನೋಡಿದ ಬೂತ್, ಊದುವ ಬದಲು ಹೀರಿದರೆ ಹೇಗೆ ಎಂದು ಯೋಚಿಸಿ, ಹೋಟೆಲಿನ ಕುರ್ಚಿಯ ಮೇಲೆ ಕರವಸ್ತ್ರ ಹಾಸಿ ಬಾಯಿಂದ ಗಾಳಿ ಎಳೆದು ನೋಡಿದನಂತೆ. ಅವನ ಯಂತ್ರ ಕುದುರೆ ಗಾಡಿಯ ಮೇಲೆ ಬರುತ್ತಿತ್ತು, ಪೆಟ್ರೋಲ್ ಎಂಜಿನ್ನಿನಿಂದ ಓಡುತ್ತಿತ್ತು. ಬೀದಿಯಲ್ಲಿ ನಿಂತು ಉದ್ದನೆಯ ಕೊಳವೆಗಳನ್ನು ಕಿಟಕಿಯ ಮೂಲಕ ಮನೆಯೊಳಗೆ ಚಾಚುತ್ತಿತ್ತು. 1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ವೆಸ್ಟ್‌ಮಿನ್‌ಸ್ಟರ್ ಅಬೆಯ ಕಾರ್ಪೆಟ್ ಶುಚಿ ಮಾಡಿದ್ದು ಇದೇ.

ಮನೆಯೊಳಗೆ ಒಬ್ಬರೇ ತಳ್ಳಿಕೊಂಡು ಹೋಗುವ ಯಂತ್ರ ಬಂದದ್ದು ಒಹಾಯೊದ ಕ್ಯಾಂಟನ್ ಊರಿನಿಂದ. ಅಂಗಡಿಯೊಂದರಲ್ಲಿ ಕಸ ಗುಡಿಸುತ್ತಿದ್ದ, ಉಬ್ಬಸ ರೋಗಿ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಫ್ಯಾನಿನ ಮೋಟಾರು, ಸೋಪಿನ ಪೆಟ್ಟಿಗೆ, ಪೊರಕೆಯ ಹಿಡಿ, ದಿಂಬಿನ ಚೀಲ ಜೋಡಿಸಿ 1907ರಲ್ಲಿ ಒಂದು ಯಂತ್ರ ನಿಲ್ಲಿಸಿದ. ಇಂದಿನ ‘ಅಪ್‌ರೈಟ್’ ಯಂತ್ರಗಳ ಪೂರ್ತಿ ನಕ್ಷೆ ಆ ಯಂತ್ರದಲ್ಲೇ ಇದೆ: ಮುಂದೆ ತಿರುಗುವ ಬ್ರಷ್, ನಡುವೆ ಮೋಟಾರು, ಹಿಂದೆ ಹಿಡಿ, ಹಿಡಿಗೆ ತೂಗುಬಿದ್ದ ಚೀಲ. 1908ರ ಜೂನ್ 2ರಂದು ಪೇಟೆಂಟ್ ಸಿಕ್ಕಿತು. ದೊಡ್ಡದಾಗಿ ತಯಾರಿಸುವ ಬಂಡವಾಳ ಅವನಲ್ಲಿರಲಿಲ್ಲ. ಚರ್ಮದ ಸಾಮಾನು ಮಾಡುತ್ತಿದ್ದ ವಿಲಿಯಂ ಹೆನ್ರಿ ಹೂವರ್ ಹಕ್ಕು ಕೊಂಡ. ಕುದುರೆ ಹೋಗಿ ಕಾರು ಬರುತ್ತಿದ್ದ ಕಾಲವದು. ಜೀನು, ಲಗಾಮುಗಳ ವ್ಯಾಪಾರಿಗೆ ಬೇರೆ ಕಸುಬು ಬೇಕಾಗಿತ್ತು.

ಸಂಗ್ರಾಹಕರ ಆಸಕ್ತಿ ದಟ್ಟವಾಗುವುದು ಇಲ್ಲಿಂದ ಮುಂದೆ. 1926ರ ಹೂವರ್ 700ರಲ್ಲಿ ಬ್ರಷ್ ಜೊತೆಗೆ ಲೋಹದ ಪಟ್ಟಿಗಳಿರುವ ಉರುಳೆ ಬಂತು. ಅದು ಕಾರ್ಪೆಟ್ಟನ್ನು ಸಣ್ಣಗೆ ಬಡಿದು ಒಳಗಿನ ಮರಳನ್ನು ಮೇಲೆಬ್ಬಿಸುತ್ತಿತ್ತು. 1936ರ ಹೂವರ್ 150ಕ್ಕೆ ರೂಪ ಕೊಟ್ಟವನು ಕೈಗಾರಿಕಾ ವಿನ್ಯಾಸಕಾರ ಹೆನ್ರಿ ಡ್ರೈಫಸ್. ಬೇಕಲೈಟ್ ಮತ್ತು ಮೆಗ್ನೀಸಿಯಂ ಬಳಸಿದ ಆ ಯಂತ್ರ ಜಾರಿ ಹೋಗುವ ನೀರಿನ ಹನಿಯಂತಿದೆ. ಅದು ಬಂದ ಮೇಲೆ ಕ್ಲೀನರನ್ನು ಬಾಗಿಲ ಹಿಂದೆ ಬಚ್ಚಿಡಬೇಕಾಗಲಿಲ್ಲ.

ಇನ್ನೊಂದು ವಂಶ ಸ್ವೀಡನ್ನಿನದು. ಎಲೆಕ್ಟ್ರೋಲಕ್ಸ್‌ನ ಆಕ್ಸೆಲ್ ವೆನ್ನರ್-ಗ್ರೆನ್ 1921ರಲ್ಲಿ ಹೊರತಂದ ‘ಮಾಡೆಲ್ 5’, ಜಾರುಪಟ್ಟಿಗಳ ಮೇಲೆ ನೆಲದಲ್ಲಿ ಮಲಗಿ ಬರುವ ‘ಕ್ಯಾನಿಸ್ಟರ್’ ಜಾತಿಯ ಉರುಳೆ. ಉದ್ದನೆಯ ಹೋಸ್ ಹಿಡಿದು ಎಳೆದರಾಯಿತು. ಅದಕ್ಕೂ ಮೊದಲು, 1910ರಲ್ಲಿ, ಡೆನ್ಮಾರ್ಕಿನ ನಿಲ್ಫಿಸ್ಕ್ ಇಂಥ ನೆಲದ ಯಂತ್ರ ತಂದಿತ್ತು. ಎಲೆಕ್ಟ್ರೋಲಕ್ಸ್‌ನ ಅಮೆರಿಕದ ಶಾಖೆಗಾಗಿ ಲುರೆಲ್ ಗಿಲ್ಡ್ 1937ರಲ್ಲಿ ರೂಪಿಸಿದ ‘ಮಾಡೆಲ್ 30’ ರೈಲು ಎಂಜಿನ್ನಿನ ಮೂತಿಯನ್ನು ನೆನಪಿಸುತ್ತದೆ. ಕ್ಲೀವ್‌ಲ್ಯಾಂಡಿನ ಕರ್ಬಿ ಯಂತ್ರಗಳ ಮೈ ಅಲ್ಯೂಮಿನಿಯಂ ಎರಕದ್ದು. ಇವುಗಳ ವಿನ್ಯಾಸ ದಶಕಗಟ್ಟಲೆ ತುಸುತುಸುವೇ ಬದಲಾಗಿರುವುದರಿಂದ ಕರ್ಬಿ ದುರಸ್ತಿಗಾರನಿಗೆ ಒಂದು ಯಂತ್ರ ಬಿಚ್ಚಿದ ಅನುಭವ ಮತ್ತೊಂದಕ್ಕೂ ಒದಗುತ್ತದೆ. ಹೊಸದಾಗಿ ಈ ಹವ್ಯಾಸಕ್ಕೆ ಇಳಿಯುವವರಿಗೆ ಇದಕ್ಕಿಂತ ಒಳ್ಳೆಯ ಗುರು ಇಲ್ಲ.

1950ರ ದಶಕದ ಹೂವರ್ ಕಾನ್‌ಸ್ಟಲೇಷನ್ ದುಂಡು ಚೆಂಡಿನಂತಿದ್ದು, ಹೊರಬಿಡುವ ಗಾಳಿಯ ಮೇಲೇ ನೆಲದಿಂದ ತುಸು ಮೇಲೆದ್ದು ತೇಲುತ್ತದೆ. ಇದನ್ನೇ ಹೋಲುವ ಯಂತ್ರ ಸೋವಿಯತ್ ಕಾಲದಲ್ಲಿ ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ‘ಸಾಟರ್ನಸ್’ ಹೆಸರಿನಲ್ಲಿ ತಯಾರಾಯಿತು. ಚೀಲದ ಬದಲು ನೀರಿನಲ್ಲಿ ಧೂಳು ಹಿಡಿಯುವ ರೇನ್‌ಬೋ, ಸುಳಿಗಾಳಿಯ ಫಿಲ್ಟರ್ ಕ್ವೀನ್, ಜರ್ಮನಿಯ ಕೋಬೋಲ್ಡ್ ಇವುಗಳಿಗೂ ಪ್ರತ್ಯೇಕ ಭಕ್ತವೃಂದಗಳಿವೆ. 5,127 ಮಾದರಿಗಳನ್ನು ಕಟ್ಟಿ ನೋಡಿದ ಜೇಮ್ಸ್ ಡೈಸನ್ 1993ರಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ತಂದ ಚೀಲವಿಲ್ಲದ ಡಿಸಿ01 ಕೂಡ ಈಗ ಹಳೆಯ ಯಂತ್ರಗಳ ಸಾಲಿಗೆ ಸೇರಿಕೊಂಡಿದೆ.

ಮೋಟಾರು

ಹೆಚ್ಚುಕಡಿಮೆ ಎಲ್ಲ ಹಳೆಯ ವ್ಯಾಕ್ಯೂಮ್ ಕ್ಲೀನರ್‌ಗಳ ಎದೆಯೊಳಗೆ ಇರುವುದು ಯೂನಿವರ್ಸಲ್ ಮೋಟಾರು, ನಮ್ಮ ಮಿಕ್ಸಿಯಲ್ಲಿರುವುದೇ. ನಡುವೆ ತಿರುಗುವ ಆರ್ಮೇಚರ್, ಸುತ್ತ ಫೀಲ್ಡ್ ಕಾಯಿಲ್, ಆರ್ಮೇಚರಿನ ಒಂದು ತುದಿಗೆ ತಾಮ್ರದ ಪಟ್ಟಿಗಳ ಕಮ್ಯುಟೇಟರ್, ಅದನ್ನು ಎರಡು ಕಡೆಯಿಂದ ಒತ್ತಿ ಕೂತ ಕಾರ್ಬನ್ ಬ್ರಷ್. ವೇಗ ನಿಮಿಷಕ್ಕೆ 10,000 ಸುತ್ತಿನಿಂದ ಶುರುವಾಗಿ ಕ್ಯಾನಿಸ್ಟರ್ ಯಂತ್ರಗಳಲ್ಲಿ 20,000 ದಾಟುತ್ತದೆ. ಇಷ್ಟು ವೇಗದಲ್ಲಿ ಸಣ್ಣ ಓರೆಕೋರೆಯೂ ಸದ್ದಾಗಿ, ಶಾಖವಾಗಿ, ಕಿಡಿಯಾಗಿ ಹೊರಬೀಳುತ್ತದೆ.

ಕಾರ್ಬನ್ ಬ್ರಷ್ ಮೂಲ ಉದ್ದದ ಮೂರನೆಯ ಒಂದು ಪಾಲಿಗಿಂತ ಕಡಿಮೆ ಉಳಿದಿದ್ದರೆ ಬದಲಿಸುವುದೇ ಸರಿ. ಅದೇ ಅಳತೆಯದು ಸಿಗದಿದ್ದರೆ ತುಸು ದೊಡ್ಡದನ್ನು ತಂದು ಉಪ್ಪುಕಾಗದದ ಮೇಲೆ ಉಜ್ಜಿ ಇಳಿಸುತ್ತಾರೆ. ಹೊಸ ಬ್ರಷ್ಷಿನ ಮುಖ ಚಪ್ಪಟೆ, ಕಮ್ಯುಟೇಟರ್ ದುಂಡು. ಹಾಗೇ ಕೂರಿಸಿದರೆ ಅಂಚು ಮಾತ್ರ ತಾಗಿ ಕಿಡಿ ಹಾರುತ್ತದೆ. ಅದಕ್ಕಾಗಿ ನಯವಾದ ಉಪ್ಪುಕಾಗದವನ್ನು ಒರಟು ಮುಖ ಹೊರಗೆ ಬರುವಂತೆ ಕಮ್ಯುಟೇಟರಿಗೆ ಸುತ್ತಿ, ಬ್ರಷ್ ಕೂರಿಸಿ, ಆರ್ಮೇಚರನ್ನು ಕೈಯಿಂದ ತಿರುಗಿಸುತ್ತಾರೆ. ಹತ್ತಾರು ಸುತ್ತಿಗೆ ಬ್ರಷ್ಷಿನ ಮುಖ ಒಳಗುಳಿಯಾಗಿ ಕಮ್ಯುಟೇಟರಿನ ಮೈಗೆ ಹೊಂದುತ್ತದೆ. ಕರಿ ಪುಡಿಯನ್ನು ಊದಿ ತೆಗೆಯದೆ ಮೋಟಾರು ಓಡಿಸಬಾರದು. ಎಮರಿ ಕಾಗದ ಇಲ್ಲಿ ನಿಷಿದ್ಧ. ಅದರ ಕಣ ತಾಮ್ರದಲ್ಲಿ ಕಚ್ಚಿ ಕೂತು ಬ್ರಷ್ಷನ್ನು ತಿನ್ನುತ್ತದೆ, ಪಟ್ಟಿಗಳ ನಡುವೆ ಸಿಕ್ಕಿ ವಿದ್ಯುತ್ ಹರಿಸುವ ಅಪಾಯವೂ ಇದೆ.

ಕಮ್ಯುಟೇಟರ್ ಓದುವುದು ಒಂದು ವಿದ್ಯೆ. ಅದರ ಮೇಲೆ ಸಮನಾದ ಚಾಕೊಲೇಟ್ ಬಣ್ಣದ ತೆಳು ಪದರವಿದ್ದರೆ ಮೋಟಾರು ಆರೋಗ್ಯವಾಗಿದೆ ಎಂದರ್ಥ. ಹೊಸಬರು ಅದನ್ನು ಕೊಳೆ ಎಂದುಕೊಂಡು ಥಳಥಳ ಹೊಳೆಯುವಂತೆ ಉಜ್ಜಿ ತೆಗೆಯುತ್ತಾರೆ. ಮೋಟಾರು ಆ ಪದರವನ್ನು ಮತ್ತೆ ಕಟ್ಟಿಕೊಳ್ಳುವವರೆಗೂ ಬ್ರಷ್ ಬೇಗ ಸವೆಯುತ್ತದೆ. ಎರಡು ಪಟ್ಟಿಗಳು ಮಾತ್ರ ಸುಟ್ಟು ಕಪ್ಪಾಗಿದ್ದರೆ ಆರ್ಮೇಚರಿನ ಒಂದು ಸುರುಳಿ ತುಂಡಾಗಿರುವ ಸಂಭವ ಹೆಚ್ಚು. ತಾಮ್ರದ ಪಟ್ಟಿಗಳ ನಡುವೆ ಅಭ್ರಕದ ತೆಳು ಹಾಳೆಗಳಿರುತ್ತವೆ. ತಾಮ್ರ ಸವೆಯುತ್ತದೆ, ಅಭ್ರಕ ಅಷ್ಟು ಬೇಗ ಸವೆಯುವುದಿಲ್ಲ. ಕೊನೆಗೆ ಅಭ್ರಕವೇ ಮೇಲೆದ್ದು ಬ್ರಷ್ಷನ್ನು ಕುಣಿಸುತ್ತದೆ. ಆಗ ಹ್ಯಾಕ್ಸಾ ಬ್ಲೇಡಿನ ತುಂಡನ್ನು ತೆಳ್ಳಗೆ ಮಸೆದು, ಪ್ರತಿ ಸಂದಿನಲ್ಲೂ ಅಭ್ರಕವನ್ನು ತಾಮ್ರಕ್ಕಿಂತ ಕೂದಲೆಳೆಯಷ್ಟು ತಗ್ಗಿಸಬೇಕು. ಬೇಸರದ ಕೆಲಸ, ಕೈ ಜಾರಿ ತಾಮ್ರದ ಮೇಲೆ ಗೀರು ಬಿದ್ದರೆ ಲೇತಿಗೆ ಹಾಕಿಸದೆ ಗತಿಯಿಲ್ಲ.

ಬೇರಿಂಗಿನ ವಿಷಯದಲ್ಲಿ ಹವ್ಯಾಸಿಯ ಅದೃಷ್ಟ ಚೆನ್ನಾಗಿದೆ. ಅಳತೆಗಳು ಬಹಳ ಹಿಂದೆಯೇ ಜಗತ್ತಿಗೆಲ್ಲ ಒಂದೇ ಆಗಿ ನಿಂತುಬಿಟ್ಟಿವೆ. 608 ಎಂದರೆ ಒಳಗೆ 8 ಮಿಲಿಮೀಟರ್, ಹೊರಗೆ 22, ದಪ್ಪ 7. 6200 ಎಂದರೆ 10, 30, 9. ಅಜ್ಜನ ಕಾಲದ ಯಂತ್ರದಿಂದ ಪುಲ್ಲರ್ ಹಾಕಿ ಎಳೆದ ಬೇರಿಂಗಿನ ಜಾಗಕ್ಕೆ ಇಂದು ಅಂಗಡಿಯಲ್ಲಿ ಸಿಗುವುದು ಸರಿಯಾಗಿ ಕೂರುತ್ತದೆ. ಇನ್ನೂ ಹಳೆಯ ಯಂತ್ರಗಳಲ್ಲಿ ಗುಂಡುಗಳಿಲ್ಲ, ಕಂಚಿನ ಬುಷ್ ಇರುತ್ತದೆ. ಅದಕ್ಕೆ ಎಣ್ಣೆ ಊಡಿಸುವುದು ಪಕ್ಕದ ಫೆಲ್ಟ್ ಬತ್ತಿ. ಬತ್ತಿ ಒಣಗಿ ಗಟ್ಟಿಯಾಗಿರುತ್ತದೆ. ಅದನ್ನು ತೊಳೆದು ಹೊಸ ಎಣ್ಣೆಯಲ್ಲಿ ನೆನೆಸಿ ಕೂರಿಸಬೇಕು. ಮೆಷಿನ್ ಎಣ್ಣೆಯೇ ಬೇಕು. ಕೈಗೆ ಸಿಕ್ಕಿತೆಂದು ಕೊಬ್ಬರಿ ಎಣ್ಣೆ ಬಿಟ್ಟರೆ ಅದು ಕಾಲಕ್ರಮದಲ್ಲಿ ಅಂಟಾಗಿ ಶಾಫ್ಟನ್ನೇ ಹಿಡಿದುಕೊಳ್ಳುತ್ತದೆ.

ಸುರುಳಿ ಸುಟ್ಟ ಆರ್ಮೇಚರ್ ಸಿಕ್ಕಿದಾಗ ಪಶ್ಚಿಮದ ಹವ್ಯಾಸಿ ಅದೇ ಮಾದರಿಯ ಇನ್ನೊಂದು ಕೆಟ್ಟ ಯಂತ್ರವನ್ನು ಹುಡುಕುತ್ತಾನೆ, ಅದರಿಂದ ಒಳ್ಳೆಯ ಭಾಗ ಕಿತ್ತು ಇದಕ್ಕೆ ಹಾಕುತ್ತಾನೆ. ಅಲ್ಲಿನ ಕೂಲಿಯಲ್ಲಿ ಹೊಸದಾಗಿ ಸುತ್ತಿಸಿದರೆ ಯಂತ್ರದ ಬೆಲೆಗಿಂತ ಹೆಚ್ಚಾಗುತ್ತದೆ. ನಮ್ಮ ಊರುಗಳಲ್ಲಿ ಹಾಗಲ್ಲ. ಪಂಪ್‌ಸೆಟ್ ಮತ್ತು ಮಿಕ್ಸಿಗಳ ದಯೆಯಿಂದ ತಾಲ್ಲೂಕು ಕೇಂದ್ರದಲ್ಲೂ ಮೋಟಾರ್ ವೈಂಡಿಂಗ್ ಅಂಗಡಿಗಳಿವೆ.

ಪ್ಲಗ್ ಹಾಕುವ ಮುನ್ನ

ದಶಕಗಳ ಕಾಲ ಸುಮ್ಮನೆ ಬಿದ್ದಿದ್ದ ಯಂತ್ರವನ್ನು ತಂದ ದಿನವೇ ಸ್ವಿಚ್ ಒತ್ತಿ ನೋಡುವ ಚಪಲ ಎಲ್ಲರಿಗೂ ಇರುತ್ತದೆ. ಅದನ್ನು ತಡೆಯಬೇಕು, ಏಕೆಂದರೆ ಇಂಥ ಯಂತ್ರದಲ್ಲಿ ಮೊದಲು ಸಾಯುವುದು ವೈರಿನ ರಬ್ಬರ್. ಹೊರಗಿನ ಬಟ್ಟೆಯ ಹೊದಿಕೆ ಚೆನ್ನಾಗಿ ಕಂಡರೂ ಒಳಗೆ ರಬ್ಬರ್ ಹಪ್ಪಳದಂತೆ ಪುಡಿಯಾಗುತ್ತಿರುತ್ತದೆ. ಅನುಭವಿಗಳು ವೈರನ್ನು ಪರೀಕ್ಷಿಸುತ್ತ ಕೂರುವುದಿಲ್ಲ, ತೆಗೆದೇ ಹಾಕುತ್ತಾರೆ. ನೋಟಕ್ಕೆ ಹಳೆಯದರಂತಿರುವ, ಬಟ್ಟೆ ಹೆಣೆದ ಹೊಸ ವೈರು ಈಗ ಸಿಗುತ್ತದೆ.

ಹಳೆಯ ಯಂತ್ರಗಳಲ್ಲಿ ಹಲವಕ್ಕೆ ಎರಡೇ ತಂತಿ, ಮೈ ಮಾತ್ರ ಪೂರ್ತಿ ಲೋಹ. ಒಳಗಿನ ಒಂದು ಎಳೆ ಮೈಗೆ ತಾಗಿದರೆ ಹಿಡಿ ಹಿಡಿದವರ ಗತಿ ಹೇಳಬೇಕಾಗಿಲ್ಲ. ಸಾಧ್ಯವಿದ್ದ ಕಡೆ ಮೂರು ಎಳೆಯ ವೈರು ಹಾಕಿ ಮೈಗೆ ಅರ್ಥಿಂಗ್ ಕೊಡುವುದು ಈಗಿನ ರೂಢಿ. ಅಸಲಿತನಕ್ಕೆ ಧಕ್ಕೆ ಎಂದು ಗೊಣಗುವ ಸಂಗ್ರಾಹಕರೂ ಈ ಒಂದು ವಿಷಯದಲ್ಲಿ ಸುಮ್ಮನಾಗುತ್ತಾರೆ, ಆಗಲೂ ಬೇಕು. ತಂತಿಯ ಬಣ್ಣ ನಂಬುವಂತಿಲ್ಲ. ಬ್ರಿಟನ್ನಿನಲ್ಲಿ 1960ರ ದಶಕದ ಕೊನೆಯವರೆಗೆ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ತ್. ನಮ್ಮ ಮನೆಯ ವೈರಿಂಗಿನ ಪದ್ಧತಿಯೂ ಅದೇ. ಆದರೆ 1965ಕ್ಕೆ ಮೊದಲಿನ ಜರ್ಮನ್ ಯಂತ್ರಗಳಲ್ಲಿ ಕೆಂಪು ತಂತಿ ಅರ್ಥಿಂಗಿನದು. ನಮ್ಮ ರೂಢಿಯಂತೆ ಕೆಂಪಿಗೆ ಫೇಸ್ ಕೊಟ್ಟರೆ ಯಂತ್ರದ ಮೈಗೇ ಕರೆಂಟ್ ಕೊಟ್ಟಂತೆ.

ರೇಡಿಯೊದ ಕರಕರ ತಪ್ಪಿಸಲು ಹಾಕಿದ ಸಣ್ಣ ಕೆಪಾಸಿಟರ್ ಮತ್ತೊಂದು ಗುಪ್ತಶತ್ರು. ಕಾಗದದ ಒಳಪದರವಿರುವ ಹಳೆಯವು ತೇವ ಹೀರಿ, ಬಿರುಕು ಬಿಟ್ಟು, ಕೆಲವೊಮ್ಮೆ ಹೊಗೆ ಎಬ್ಬಿಸಿ ಸಾಯುತ್ತವೆ. ಮೈ ಮುಟ್ಟಿದರೆ ಜುಮ್ಮೆನ್ನುವುದಕ್ಕೂ ಬಹಳ ಸಲ ಇದೇ ಕಾರಣ. ಎರಡು ತಂತಿಗಳ ನಡುವೆ ಎಕ್ಸ್ ವರ್ಗದ್ದು, ತಂತಿ ಮತ್ತು ಮೈ ನಡುವೆ ವೈ ವರ್ಗದ್ದು ಹಾಕಬೇಕು. ಬೇರೆ ಯಾವುದೂ ಸಲ್ಲದು.

ಇದಾದ ಮೇಲೆ 500 ವೋಲ್ಟಿನ ಮೆಗ್ಗರ್ ಹಿಡಿದು ಮೈ ಮತ್ತು ತಂತಿಯ ನಡುವಿನ ಇನ್ಸುಲೇಷನ್ ನೋಡುತ್ತಾರೆ. ಒಂದು ಮೆಗಾಓಮ್‌ಗಿಂತ ಕಡಿಮೆಯಿದ್ದರೆ ಮುಂದುವರಿಯುವಂತಿಲ್ಲ. ಮೊದಲ ಓಟ ಸೀರೀಸ್ ಬಲ್ಬಿನಲ್ಲಿ. ಹಳೆಯ ಕಾಲದ 100 ಅಥವಾ 200 ವಾಟಿನ ತಂತಿ ಬಲ್ಬನ್ನು ಯಂತ್ರದೊಂದಿಗೆ ಸೀರೀಸಿನಲ್ಲಿ ಹಾಕಿದಾಗ, ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಮೋಟಾರು ಅಲುಗುವುದಿಲ್ಲ. ಎಲ್ಲ ಸರಿಯಿದ್ದರೆ ಬಲ್ಬು ಮಂದವಾಗಿ, ಮೋಟಾರು ನಿಧಾನವಾಗಿ ತಿರುಗುತ್ತದೆ. ನಮ್ಮ ಎಲೆಕ್ಟ್ರಿಷಿಯನ್ನರ ಮೇಜಿನ ಮೇಲಿರುವ ಸೀರೀಸ್ ಬೋರ್ಡ್ ಇದೇ; ದುಡ್ಡಿರುವವರು ಡಿಮ್ಮರ್‌ಸ್ಟ್ಯಾಟ್ ಇಟ್ಟುಕೊಂಡು ವೋಲ್ಟೇಜನ್ನು ಹಂತಹಂತವಾಗಿ ಏರಿಸುತ್ತಾರೆ.

ಹಳೆಯ ಚೀಲದೊಳಗಿನ ಧೂಳನ್ನೂ ಅಪಾಯದ ಪಟ್ಟಿಗೆ ಸೇರಿಸಬೇಕು. ಅಮೆರಿಕದಲ್ಲಿ ಮನೆಗಳಿಗೆ ಸೀಸದ ಬಣ್ಣ ಬಳಿಯುವುದನ್ನು ನಿಷೇಧಿಸಿದ್ದು 1978ರಲ್ಲಿ. ಅದಕ್ಕೂ ಮುಂಚಿನ ಮನೆಗಳ ಧೂಳಿನಲ್ಲಿ ಸೀಸ ಇರುವುದು ಸಾಮಾನ್ಯ. ಚೀಲವನ್ನು ಮಾಸ್ಕ್ ಹಾಕಿಕೊಂಡು ಬಯಲಿನಲ್ಲೇ ಬಿಚ್ಚುತ್ತಾರೆ.

ಗಾಳಿಯ ದಾರಿ

ಹಳೆಯ ಅಪ್‌ರೈಟ್‌ಗಳಲ್ಲಿ ಕಸ ಮೊದಲು ಫ್ಯಾನಿನ ರೆಕ್ಕೆಗಳ ನಡುವೆ ಹಾದು, ಆಮೇಲೆ ಚೀಲ ಸೇರುತ್ತದೆ. ಹೂವರ್, ಕರ್ಬಿ, ರಾಯಲ್ ಎಲ್ಲ ಇದೇ ಜಾತಿ. ದಾರಿ ಮೊಟಕು, ಆದ್ದರಿಂದ ಗಾಳಿಯ ಪ್ರವಾಹ ದೊಡ್ಡದು. ಕಾರ್ಪೆಟ್ಟಿಗೆ ಬೇಕಾದದ್ದೂ ಅದೇ. ಕುಂದೆಂದರೆ ನಾಣ್ಯ, ಮೊಳೆ, ಗುಂಡಿ ಏನೇ ಬಂದರೂ ಮೊದಲ ಪೆಟ್ಟು ಫ್ಯಾನಿಗೆ. ಒಂದು ರೆಕ್ಕೆ ಮುರಿದರೂ ಸಮತೋಲ ತಪ್ಪಿ ಬೇರಿಂಗ್ ಹಾಳಾಗುತ್ತದೆ. ಕ್ಯಾನಿಸ್ಟರ್‌ಗಳಲ್ಲಿ ಚೀಲ ಮೊದಲು, ಫ್ಯಾನು ಆಮೇಲೆ. ಅಲ್ಲಿ ಫ್ಯಾನು ಸ್ವಚ್ಛ, ಸೆಳೆತ ಬಿರುಸು. ಆದರೆ ಕೆಲವು ಯಂತ್ರಗಳಲ್ಲಿ ಶೋಧಿಸಿದ ಗಾಳಿಯೇ ಮೋಟಾರನ್ನು ತಂಪು ಮಾಡುವುದರಿಂದ ಚೀಲ ಒಮ್ಮೆ ಹರಿದರೆ ಧೂಳೆಲ್ಲ ಸುರುಳಿಗಳ ಮೇಲೆ. ಇವೆರಡರ ವ್ಯತ್ಯಾಸ ತಿಳಿಯದೆ ‘ಹಳೆಯ ಹೂವರಿಗೆ ಸೆಳೆತವೇ ಇಲ್ಲ’ ಎಂದು ಅಂಗೈ ಅಡ್ಡ ಹಿಡಿದು ತೀರ್ಪು ಕೊಡುವವರು ಬಹಳ. ಅಂಗೈಗೆ ತಿಳಿಯುವುದು ಒತ್ತಡ ಮಾತ್ರ. ಎಷ್ಟು ಗಾಳಿ ಹರಿಯಿತು ಎಂಬುದು ಅದಕ್ಕೆ ತಿಳಿಯುವುದಿಲ್ಲ.

ಒತ್ತಡ ಅಳೆಯಲು ಪಾರದರ್ಶಕ ಪೈಪನ್ನು ‘ಯು’ ಆಕಾರಕ್ಕೆ ಬಗ್ಗಿಸಿ ಅರ್ಧ ನೀರು ತುಂಬಿ ಒಂದು ತುದಿಯನ್ನು ಹೋಸಿಗೆ ಸೇರಿಸಿದರೆ ಸಾಕು. ಎರಡು ಕಡೆಯ ನೀರಿನ ಮಟ್ಟದ ಅಂತರವೇ ಲೆಕ್ಕ. ದುರಸ್ತಿಗೆ ಮೊದಲು ಮತ್ತು ಆಮೇಲೆ ಬರೆದಿಟ್ಟುಕೊಂಡರೆ ಗ್ಯಾಸ್ಕೆಟ್ ಎಲ್ಲಿ ಸೋರುತ್ತಿದೆ ಎಂಬುದು ಬೇಗ ಪತ್ತೆಯಾಗುತ್ತದೆ. ಸೋರುವುದು ಸಾಮಾನ್ಯವಾಗಿ ಹೋಸಿನಲ್ಲಿ. ಬಟ್ಟೆ ಹೆಣೆದ ಹಳೆಯ ಹೋಸು ನೋಡಲು ಚೆಂದ, ಆದರೆ ಒಳಗಿನ ರಬ್ಬರ್ ಒಡೆದು ಉದ್ದಕ್ಕೂ ಗಾಳಿ ಕುಡಿಯುತ್ತಿರುತ್ತದೆ. ಎರಡು ತುದಿಯ ಲೋಹದ ಮೂತಿಗಳನ್ನು ಬಿಡಿಸಿಕೊಂಡು ಹೊಸ ಪೈಪಿಗೆ ಅಂಟಿಸುವುದು ಉಳಿದ ದಾರಿ.

ಬೆಲ್ಟು ರಬ್ಬರಿನದಾದ್ದರಿಂದ ಓಡಿದರೂ ಹಾಳು, ಕೂತರೂ ಹಾಳು. ಹೂವರ್ ಜೂನಿಯರ್‌ನಂಥ ಜನಪ್ರಿಯ ಮಾದರಿಗಳಿಗೆ ಇಂದಿಗೂ ಹೊಸ ಬೆಲ್ಟು ತಯಾರಾಗುತ್ತಿದೆ. ಚೀಲಕ್ಕೆ ಹತ್ತಿಯ ದಪ್ಪ ಬಟ್ಟೆ ತಂದು ಮೂಲ ಹೊಲಿಗೆಯನ್ನು ಅನುಸರಿಸಿ ಹೊಲಿಯುವವರಿದ್ದಾರೆ. ಹಳೆಯ ಬಟ್ಟೆ ಚೀಲ ಒರಟು ಧೂಳನ್ನು ಹಿಡಿದು ನಯವಾದದ್ದನ್ನು ಮನೆಗೇ ಹಿಂತಿರುಗಿಸುತ್ತಿತ್ತು. ದಿನಬಳಕೆಗೆ ಓಡಿಸುವವರು ಅದರೊಳಗೆ ಈಗಿನ ಸಿಂಥೆಟಿಕ್ ಚೀಲವೊಂದನ್ನು ಅಡಗಿಸಿಡುತ್ತಾರೆ. ಬಳಸಿ ಎಸೆಯುವ ಕಾಗದದ ಚೀಲವನ್ನು 1920ರಲ್ಲೇ ತಂದದ್ದು ಒಹಾಯೊದ ಟೊಲೀಡೊದ ಏರ್-ವೇ ಕಂಪನಿ.

ಹೊಳಪು

ಕರ್ಬಿಯ ಅಲ್ಯೂಮಿನಿಯಂ ಮೈಯನ್ನು ಕನ್ನಡಿಯಂತೆ ಮಾಡುವುದು ಈ ಹವ್ಯಾಸದ ಪ್ರದರ್ಶನದ ಭಾಗ. 400, 800, 1500, 2000 ನಂಬರಿನ ನೀರುಕಾಗದ ಸಾಲಾಗಿ ಉಜ್ಜಿ, ಬಟ್ಟೆಯ ಬಫ್ ಚಕ್ರಕ್ಕೆ ಹಿಡಿದು, ಮೊದಲು ಒರಟು, ಆಮೇಲೆ ನಯವಾದ ಪಾಲಿಶ್ ಹಚ್ಚುತ್ತಾರೆ. ಕಾಸ್ಟಿಕ್ ಸೋಡಾ ಹತ್ತಿರ ಸುಳಿಯಬಾರದು. ಅಲ್ಯೂಮಿನಿಯಂ ಅದರಲ್ಲಿ ಕರಗಿಯೇ ಹೋಗುತ್ತದೆ. ಮೆಗ್ನೀಸಿಯಂ ಭಾಗಗಳಿರುವ ಯಂತ್ರಕ್ಕೆ ಚಕ್ರ ಹಿಡಿಯುವುದು ಇನ್ನೂ ಕೆಟ್ಟದ್ದು, ಆ ಲೋಹದ ಪುಡಿ ಹೊತ್ತಿಕೊಳ್ಳುತ್ತದೆ. ಬೇಕಲೈಟನ್ನು ನೀರಿನಲ್ಲಿ ನೆನೆಸದೆ ಲೋಹದ ಪಾಲಿಶಿನಿಂದ ಕೈಯಲ್ಲೇ ತಿಕ್ಕಬೇಕು. ತಿಕ್ಕಿದಾಗ ಬರುವ ಫಾರ್ಮಾಲಿನ್ ವಾಸನೆಯಿಂದ ಅದು ಬೇಕಲೈಟೇ ಎಂಬುದೂ ಖಚಿತವಾಗುತ್ತದೆ. ಹಳದಿಗಟ್ಟಿದ ಪ್ಲಾಸ್ಟಿಕ್ಕಿಗೆ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಡುವ ಉಪಾಯವಿದೆ. ಬಿಳುಪು ಬರುತ್ತದೆ, ಎಷ್ಟೋ ಸಲ ಹಳದಿಯೂ ಮರಳಿ ಬರುತ್ತದೆ.

ಎಷ್ಟು ಹೊಸದು ಮಾಡಬೇಕು ಎಂಬುದೇ ಹವ್ಯಾಸಿಗಳ ನಡುವಿನ ಮುಗಿಯದ ಜಗಳ. ಒಂದು ಪಂಗಡಕ್ಕೆ ಯಂತ್ರ ಕಾರ್ಖಾನೆಯಿಂದ ಬಂದ ದಿನದಂತೆ ಕಾಣಬೇಕು. ಕೆಲವರು ಅದಕ್ಕೂ ಮೀರಿ, ಮೂಲದಲ್ಲಿ ಇಲ್ಲದಿದ್ದ ಹೊಳಪು, ಬಣ್ಣ ಕೊಡುತ್ತಾರೆ. ಇನ್ನೊಂದು ಪಂಗಡ ಮೇಜಿನ ಕಾಲಿಗೆ ತಾಗಿದ ಗೀರನ್ನೂ ಉಳಿಸಿ, ಒಳಗಿನ ಯಂತ್ರವನ್ನು ಮಾತ್ರ ಸರಿಪಡಿಸುತ್ತದೆ. ಎರಡನೆಯದೇ ವಿವೇಕದ ದಾರಿ. ಬಣ್ಣವನ್ನು ನಾಳೆಯೂ ಬಳಿಯಬಹುದು, ಕೆರೆದು ತೆಗೆದ ಮೂಲ ಬಣ್ಣವನ್ನೂ ಕಂಪನಿಯ ಗುರುತಿನ ಚೀಟಿಯನ್ನೂ ಮತ್ತೆ ತರಲಾಗದು. ಬಿಚ್ಚುವ ಪ್ರತಿ ಹಂತದಲ್ಲೂ ಫೋಟೊ ತೆಗೆದಿಡುವುದು, ಬದಲಿಸಿದ ಹಳೆಯ ಭಾಗವನ್ನು ಎಸೆಯದೆ ಯಂತ್ರದ ಜೊತೆಗೇ ಕಟ್ಟಿಡುವುದು ಈ ಪಂಗಡದ ಒಳ್ಳೆಯ ಅಭ್ಯಾಸ.

ಕೂಟಗಳು, ಸಂಗ್ರಹಾಲಯಗಳು

ಅಮೆರಿಕದಲ್ಲಿ 1980ರ ದಶಕದ ಆರಂಭದಿಂದ ವ್ಯಾಕ್ಯೂಮ್ ಕ್ಲೀನರ್ ಕಲೆಕ್ಟರ್ಸ್ ಕ್ಲಬ್ ಇದೆ. ಸದಸ್ಯರು ವಾರ್ಷಿಕ ಸಮಾವೇಶದಲ್ಲಿ ಯಂತ್ರ, ಬಿಡಿಭಾಗ, ಹಳೆಯ ಕೈಪಿಡಿಗಳನ್ನು ಹಂಚಿಕೊಳ್ಳುತ್ತಾರೆ. ಒಹಾಯೊದ ನಾರ್ತ್ ಕ್ಯಾಂಟನ್‌ನಲ್ಲಿ ಹೂವರ್ ಬೆಳೆದ ಮನೆ 1978ರಿಂದ ಹೂವರ್ ಐತಿಹಾಸಿಕ ಕೇಂದ್ರವಾಗಿದೆ. ಮಿಸೌರಿಯ ಸೇಂಟ್ ಜೇಮ್ಸ್‌ನಲ್ಲಿ ಕ್ಲೀನರ್ ಕಾರ್ಖಾನೆಯೊಂದಕ್ಕೆ ಸೇರಿಕೊಂಡಂತೆ ಬೆಳೆದ ವ್ಯಾಕ್ಯೂಮ್ ಮ್ಯೂಸಿಯಂನಲ್ಲಿ ನೂರಾರು ಯಂತ್ರಗಳಿವೆ. ಪಶ್ಚಿಮ ಲಂಡನ್ನಿನ ಪೆರಿವೇಲ್‌ನಲ್ಲಿ 1930ರ ದಶಕದಲ್ಲಿ ಎದ್ದ ಹೂವರ್ ಕಟ್ಟಡ ಆರ್ಟ್ ಡೆಕೊ ಶೈಲಿಯ ಹೆಸರಾಂತ ಮಾದರಿ. ಕಾರ್ಖಾನೆ ಮುಚ್ಚಿದ ಮೇಲೆ ಅದರ ಹಿಂಭಾಗಕ್ಕೆ ಸೂಪರ್‌ಮಾರ್ಕೆಟ್ ಬಂತು. ಹೂವರ್ ಹುಚ್ಚಿನ ಬ್ರಿಟಿಷ್ ಹವ್ಯಾಸಿಗಳು ಅಲ್ಲಿಗೆ ಹೋಗುವುದು ತರಕಾರಿ ಕೊಳ್ಳುವುದಕ್ಕಂತೂ ಅಲ್ಲ.

ಯುರೋಪಿಯನ್ ಒಕ್ಕೂಟ 2014ರ ಸೆಪ್ಟೆಂಬರಿನಿಂದ ಹೊಸ ಕ್ಲೀನರ್‌ಗಳ ಶಕ್ತಿಯನ್ನು 1600 ವಾಟಿಗೆ, 2017ರ ಸೆಪ್ಟೆಂಬರಿನಿಂದ 900 ವಾಟಿಗೆ ಮಿತಿಗೊಳಿಸಿದಾಗ ಹಳೆಯ ಯಂತ್ರಗಳ ಅಭಿಮಾನಿಗಳಿಗೆ ‘ಹೊಸವು ದುರ್ಬಲ’ ಎಂಬ ಹೊಸ ವಾದ ಸಿಕ್ಕಿತು. ಆದರೆ ವಾಟು ಎಂದರೆ ಯಂತ್ರ ತಿನ್ನುವ ವಿದ್ಯುತ್ತು, ಹೀರುವ ಕಸವಲ್ಲ. 1950ರ ದಶಕದ ಒಳ್ಳೆಯ ಅಪ್‌ರೈಟ್‌ಗಳು 900 ವಾಟಿಗಿಂತ ಬಹಳ ಕಡಿಮೆಯಲ್ಲೇ ಕೆಲಸ ಮಾಡುತ್ತಿದ್ದವು ಎಂಬುದನ್ನು ಈ ಅಭಿಮಾನಿಗಳೇ ಹೆಚ್ಚು ಜೋರಾಗಿ ಹೇಳಬೇಕಿತ್ತು.

ಭಾರತದಲ್ಲಿ

ಇಲ್ಲಿ ಕಾರ್ಪೆಟ್ ಇರಲಿಲ್ಲ, ಪೊರಕೆ ಇತ್ತು. ರೆಡ್ ಆಕ್ಸೈಡ್ ನೆಲಕ್ಕೂ ಮೊಸಾಯಿಕ್ ನೆಲಕ್ಕೂ ಒದ್ದೆ ಬಟ್ಟೆ ಸಾಕಾಗಿತ್ತು. ಮಧ್ಯಮ ವರ್ಗದ ಮನೆಗಳಿಗೆ ವ್ಯಾಕ್ಯೂಮ್ ಕ್ಲೀನರ್ ಹೊಕ್ಕದ್ದು 1982ರಲ್ಲಿ ಫೋರ್ಬ್ಸ್ ಮತ್ತು ಎಲೆಕ್ಟ್ರೋಲಕ್ಸ್ ಸೇರಿ ಯುರೇಕಾ ಫೋರ್ಬ್ಸ್ ಸ್ಥಾಪಿಸಿದ ಮೇಲೆ. ಟೈ ಕಟ್ಟಿದ ಯುವಕ ‘ಯೂರೋಕ್ಲೀನ್’ ಹೊತ್ತು ಬಂದು, ಹಾಸಿಗೆಯಿಂದ ಹೀರಿದ ಧೂಳನ್ನು ಮನೆಯೊಡತಿಗೆ ತೋರಿಸುತ್ತಿದ್ದ ದೃಶ್ಯ ಬೆಂಗಳೂರು, ಮೈಸೂರಿನ ಬಡಾವಣೆಗಳಲ್ಲಿ ಹಲವರಿಗೆ ನೆನಪಿದೆ. ಅದಕ್ಕೂ ಅರ್ಧ ಶತಮಾನ ಮೊದಲು ಅಮೆರಿಕ, ಯುರೋಪಿನಲ್ಲಿ ನಡೆದಿದ್ದ ಅದೇ ಆಟ. ಕೊಂಡ ಯಂತ್ರ ಸೋಫಾಕ್ಕೆ, ಹಬ್ಬದ ಮುಂಚಿನ ಜೇಡರ ಬಲೆಗೆ ಬಳಕೆಯಾಗಿ ಆಮೇಲೆ ಅಟ್ಟ ಸೇರುತ್ತಿತ್ತು. ಹಾಗಾಗಿ ಗುಜರಿಗೆ ಬರುವ ಇಂಥ ಯಂತ್ರಗಳ ಮೋಟಾರು ಹೆಚ್ಚು ಓಡಿರುವುದಿಲ್ಲ. ಕೆಟ್ಟಿರುವುದು ರಬ್ಬರ್, ಹೋಸು, ಸ್ವಿಚ್ಚು.

ದುರಸ್ತಿಗೆ ಬೇಕಾದ ಕೈಗಳು ಇಲ್ಲಿ ಧಾರಾಳ. ಬೆಂಗಳೂರಿನ ಎಸ್.ಪಿ. ರಸ್ತೆಯ ಸುತ್ತಮುತ್ತ ಕೆಪಾಸಿಟರ್, ಸ್ವಿಚ್ಚು, ವೈರುಗಳಿಗೆ ಕೊರತೆಯಿಲ್ಲ. ಮಿಕ್ಸಿ ರಿಪೇರಿಯವನ ಡಬ್ಬಿಯ ಕಾರ್ಬನ್ ಬ್ರಷ್ಷೇ ಉಜ್ಜಿ ಅಳತೆಗೆ ತಂದರೆ ಇಲ್ಲಿಗೂ ಸಲ್ಲುತ್ತದೆ. ಇಲ್ಲದಿರುವುದು ಸಂಗ್ರಾಹಕ. ದುರಸ್ತಿಯನ್ನು ನಾವು ಹೊಟ್ಟೆಪಾಡಿನ ಕಸುಬೆಂದು ನೋಡುತ್ತೇವೆಯೇ ಹೊರತು ಹವ್ಯಾಸವೆಂದಲ್ಲ.

ಅಮೆರಿಕದಿಂದ ಮರಳುವವರು ಸಾಮಾನಿನ ಜೊತೆ ತರುವ ಯಂತ್ರಗಳು 110ರಿಂದ 120 ವೋಲ್ಟಿನವು. ನಮ್ಮ 230 ವೋಲ್ಟಿಗೆ ನೇರವಾಗಿ ಹಾಕಿದರೆ ಮೋಟಾರು ಕೆಲವೇ ಕ್ಷಣಗಳಲ್ಲಿ ಹುಚ್ಚುವೇಗಕ್ಕೇರಿ ಸುಡುತ್ತದೆ. ಅಲ್ಲಿನ 60 ಹರ್ಟ್ಸ್, ಇಲ್ಲಿನ 50 ಹರ್ಟ್ಸ್ ಎಂಬ ವ್ಯತ್ಯಾಸ ಯೂನಿವರ್ಸಲ್ ಮೋಟಾರಿಗೆ ತೊಡಕಲ್ಲ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಒಂದಿದ್ದರೆ ಸಾಕು. ಫಲಕದ ಮೇಲೆ 5 ಆಂಪಿಯರ್ ಎಂದಿದ್ದರೆ ಲೆಕ್ಕಕ್ಕೆ ಸುಮಾರು 600 ವಿಎ ಆಗುತ್ತದೆ. ಆದರೆ ಮೋಟಾರು ಶುರುವಾಗುವಾಗ ಅದರ ಹಲವು ಪಟ್ಟು ಎಳೆಯುವುದರಿಂದ 1000 ವಿಎಗಿಂತ ಕಡಿಮೆಯದನ್ನು ಕೊಳ್ಳಬಾರದು. ಬ್ರಿಟನ್ನಿನ ಯಂತ್ರಕ್ಕೆ ಈ ತಾಪತ್ರಯವಿಲ್ಲ, ಪ್ಲಗ್ ಬದಲಿಸಿದರಾಯಿತು. ಕರಾವಳಿಯಲ್ಲಿ ಇಂಥ ಯಂತ್ರ ಇಟ್ಟುಕೊಂಡವರು ಮಳೆಗಾಲಕ್ಕೆ ಮುಂಚೆ ಬಟ್ಟೆ ಚೀಲವನ್ನು ಕಳಚಿ ಬೇರೆಯಾಗಿ ಒಣಗಿಸಿಡಬೇಕು, ಬೆಲ್ಟನ್ನು ಬಿಗಿಯಿಂದ ಬಿಡಿಸಬೇಕು. ತಿಂಗಳಿಗೊಮ್ಮೆ ಐದು ನಿಮಿಷ ಓಡಿಸಿದರೆ ಮೋಟಾರಿನ ಶಾಖಕ್ಕೇ ಸುರುಳಿಗಳ ತೇವ ಆರುತ್ತದೆ.